ಸೋತಿದ್ದು ಬಲಗೆನ್ನೆ ಮತ್ತು ಎಡಗೈ: ಅಮ್ಮನ ಬ್ರೈನ್‌ಸ್ಟೆಮ್ ಸ್ಟ್ರೋಕ್ ಬಗ್ಗೆ ಕೇಳಬೇಕಿತ್ತು

ಗಿರಿನಗರದ ಮಗಳು · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಅಮ್ಮನಿಗೆ 61. ಹದಿನಾಲ್ಕು ವರ್ಷದಿಂದ ಶುಗರ್. ಬಿಪಿ ಮಾತ್ರೆಯನ್ನ ತಲೆ ಭಾರ ಆದ ದಿನ ಮಾತ್ರ ತಗೊಳ್ಳೋ ಪೈಕಿ. ಮೂರು ವಾರದ ಹಿಂದೆ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋಕೆ ಕೂತವರು ನನ್ನ ಕರೆದ್ರು. "ಏಳು ಚುಕ್ಕಿ ಇಟ್ಟಿದೀನಿ ಕಣೇ, ಹದಿನಾಲ್ಕು ಕಾಣ್ತಿದೆ" ಅಂದ್ರು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಹೇಳಿ ನಾನು ಆಫೀಸಿಗೆ ಹೊರಟೆ. ಇದನ್ನ ಟೈಪ್ ಮಾಡೋಕೆ ಕೈ ಬರ್ತಿಲ್ಲ, ಆದ್ರೂ ಬರೀತೀನಿ.

ಮಧ್ಯಾಹ್ನ ಕಾಫಿ ಕುಡಿಯುವಾಗ ಬಲಗಡೆ ಬಾಯಿಂದ ಸೋರಿತು. ಬಲಗಣ್ಣು ಪೂರ್ತಿ ಮುಚ್ತಾ ಇರಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ವಿ. ಹುಬ್ಬು ಏರಿಸಿ ಅಂದ್ರು, ಬಲಗಡೆ ಹಣೆಯಲ್ಲಿ ಒಂದು ಗೆರೇನೂ ಬರಲಿಲ್ಲ. "ಹಣೆನೂ ಸೇರಿ ಹೋಗಿದ್ರೆ ಸ್ಟ್ರೋಕ್ ಅಲ್ಲಮ್ಮ, ಬೆಲ್ಸ್ ಪಾಲ್ಸಿ, ಮುಖದ ನರ ಮಾತ್ರ ಸೋತಿರೋದು. ಹೆದರಬೇಡಿ" ಅಂತ ಸ್ಟಿರಾಯ್ಡ್ ಬರೆದುಕೊಟ್ರು. ಎರಡೆರಡು ಕಾಣೋ ವಿಷಯ ಹೇಳಿದ್ವಿ. ಅದಕ್ಕೆ ಕಣ್ಣಿನ ಡಾಕ್ಟರ್ ಹತ್ರ ಬೇರೆ ತೋರಿಸಿ ಅಂದ್ರು.

ಮಾರನೇ ದಿನ ಎಡಗೈಲಿ ಲೋಟ ನಿಲ್ಲಲಿಲ್ಲ, ಎಡಗಾಲು ಎಳೀತಿತ್ತು. ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲಿ ಶುಗರ್ 400 ದಾಟಿತ್ತು. ಸಿಟಿ ಸ್ಕ್ಯಾನ್ ನಾರ್ಮಲ್. ಎಂಆರ್‌ಐನಲ್ಲಿ ಪಾನ್ಸ್ ಅನ್ನೋ ಜಾಗದ ಬಲಭಾಗದಲ್ಲಿ ಇನ್ಫಾರ್ಕ್ಟ್, ಅಂದ್ರೆ ರಕ್ತ ಸಿಗದೆ ಸತ್ತ ಜಾಗ. ಡಿಸ್ಚಾರ್ಜ್ ಚೀಟಿಯಲ್ಲಿ "ಬಲ ಆರು ಮತ್ತು ಏಳನೇ ಕ್ರೇನಿಯಲ್ ನರದ ಪಾಲ್ಸಿ, ಎಡ ಹೆಮಿಪರೇಸಿಸ್" ಅಂತಿದೆ, ಅಂದ್ರೆ ಬಲಗಡೆ ಆ ಎರಡು ನರ ಸೋತಿವೆ, ಎಡಗಡೆ ಕೈಕಾಲಿನ ಬಲ ಕುಂದಿದೆ. ರೌಂಡ್ಸಿಗೆ ಬಂದವರನ್ನ ಕೇಳಿದ್ರೆ ಎಲ್ಲರೂ ಅವಸರದಲ್ಲಿದ್ರು.

ಮುಖ ಬಲಗಡೆ, ಕೈಕಾಲು ಎಡಗಡೆ. ಇದು ಹೇಗೆ? ದೊಡ್ಡಪ್ಪ ಎರಡು ಸಲ ಸ್ಟ್ರೋಕ್ ಆಗಿದೆ, ಡಾಕ್ಟರ್ ಮುಚ್ಚಿಡ್ತಿದಾರೆ ಅಂತ ಮನೆಯಲ್ಲಿ ಗಲಾಟೆ ಎಬ್ಬಿಸಿದಾರೆ. ಆಮೇಲೆ ಕಣ್ಣು. ಅದು ನೇರ ಆಗತ್ತಾ?

ನಿದ್ದೆಗೆಟ್ಟ ರೆಸಿಡೆಂಟ್ · ಸೋಮವಾರ ಬೆಳಗಿನ ಜಾವ 2:05

ಡ್ಯೂಟಿಯಲ್ಲಿದ್ದೀನಿ, ಸದ್ಯಕ್ಕೆ ವಾರ್ಡು ತಣ್ಣಗಿದೆ. ನ್ಯೂರಾಲಜಿ ಓದುತ್ತಿರುವವನು. ನಿಮ್ಮ ತಾಯಿಯನ್ನು ನಾನು ನೋಡಿಲ್ಲ, ಅವರ ಡಾಕ್ಟರ ಮಾತೇ ಕೊನೆ. ಆದರೆ ನೀವು ಬರೆದಿರೋದು ಪಠ್ಯಪುಸ್ತಕದ ಚಿತ್ರದಷ್ಟು ಸ್ಪಷ್ಟವಾಗಿದೆ, ಹಾಗಾಗಿ ಹೇಳ್ತೀನಿ.

ದೊಡ್ಡಪ್ಪನಿಗೆ ಹೇಳಿ, ಪೆಟ್ಟು ಒಂದೇ.

ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಕಾಂಡ, ಅಂದರೆ ಬ್ರೈನ್‌ಸ್ಟೆಮ್, ಇದೆಯಲ್ಲ, ಅದರ ದಪ್ಪ ಸುಮಾರು ಹೆಬ್ಬೆರಳಿನಷ್ಟು. ಮೇಲೆ ಮಿಡ್‌ಬ್ರೇನ್, ನಡುವೆ ಪಾನ್ಸ್, ಕೆಳಗೆ ಮೆಡುಲ್ಲಾ. ಕೈಕಾಲಿಗೆ ಹೋಗುವ ತಂತಿಗಳೆಲ್ಲ ಇದರೊಳಗೇ ಇಳೀಬೇಕು. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ಕ್ರೇನಿಯಲ್ ನರಗಳಲ್ಲಿ ವಾಸನೆಯದ್ದು, ದೃಷ್ಟಿಯದ್ದು ಬಿಟ್ಟರೆ ಉಳಿದ ಹತ್ತೂ ಇಲ್ಲಿಂದಲೇ ನಡೆಯೋದು: ಮೂರು ಮತ್ತು ನಾಲ್ಕು ಮಿಡ್‌ಬ್ರೇನಿನಲ್ಲಿ, ಐದರಿಂದ ಎಂಟು ಹೆಚ್ಚುಕಮ್ಮಿ ಪಾನ್ಸಿನಲ್ಲಿ, ಒಂಬತ್ತರಿಂದ ಹನ್ನೆರಡು ಮೆಡುಲ್ಲಾದ ಆಸುಪಾಸಿನಲ್ಲಿ. ಸಿಲ್ಕ್ ಬೋರ್ಡಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಬಿಟಿಎಂನವರಿಗೂ ತೊಂದರೆ, ಎಚ್‌ಎಸ್‌ಆರ್‌ನವರಿಗೂ ತೊಂದರೆ, ಎಲೆಕ್ಟ್ರಾನಿಕ್ ಸಿಟಿಯವರಂತೂ ಮನೆಗೇ ಹೋಗಲ್ಲ. ಹಾಗೆ.

ಈಗ ಬಲ, ಎಡದ ವಿಷಯ. ಕೈಕಾಲಿನ ತಂತಿಗಳು ಮೆಡುಲ್ಲಾದ ಬುಡಕ್ಕೆ ಬಂದಮೇಲೆ ಪಕ್ಕ ಬದಲಾಯಿಸುತ್ತವೆ. ಅಮ್ಮನಿಗೆ ಪೆಟ್ಟು ಬಿದ್ದಿರೋದು ಅದಕ್ಕಿಂತ ಮೇಲೆ, ಪಾನ್ಸಿನ ಬಲಕ್ಕೆ. ಅಲ್ಲಿಂದ ಹೊರಡುವ ಆರು ಮತ್ತು ಏಳನೇ ನರ ಬಲಗಡೆಗೇ ಹೋಗುವವು, ಬಲಗಣ್ಣು ಬಲಗೆನ್ನೆ ಸೋತವು. ಅದೇ ಜಾಗದಲ್ಲಿ ಇಳೀತಿದ್ದ ಕೈಕಾಲಿನ ತಂತಿ ಮಾತ್ರ ಇನ್ನೂ ಕೆಳಗೆ ಹೋಗಿ ಎಡಕ್ಕೆ ದಾಟಬೇಕಿತ್ತು, ಅದಕ್ಕೇ ಎಡಗೈ. ಮುಖ ಒಂದು ಕಡೆ, ಕೈಕಾಲು ಇನ್ನೊಂದು ಕಡೆ ಅಂದರೆ ನಮ್ಮ ಕಣ್ಣು ಮೊದಲು ಹೋಗೋದು ಬ್ರೈನ್‌ಸ್ಟೆಮ್ ಕಡೆಗೇ. ಇದಕ್ಕೆ ಮಿಲ್ಲಾರ್-ಗ್ಯೂಬ್ಲೆ ಸಿಂಡ್ರೋಮ್ ಅಂತ ಹೆಸರು. 1850ರ ದಶಕದಲ್ಲಿ, ಸ್ಕ್ಯಾನ್ ಅನ್ನೋ ಪದವೇ ಇಲ್ಲದ ಕಾಲದಲ್ಲಿ, ಇಬ್ಬರು ಫ್ರೆಂಚ್ ವೈದ್ಯರು ಬರೆದಿಟ್ಟಿದ್ದು. ಇದೇ ಪೆಟ್ಟು ಮಿಡ್‌ಬ್ರೇನಿನಲ್ಲಿ ಬಿದ್ದಿದ್ದರೆ ಒಂದು ರೆಪ್ಪೆ ಜೋತುಬಿದ್ದು, ಆ ಕಣ್ಣು ಹೊರಗೆ ಕೆಳಗೆ ಓಡಿ, ಎದುರು ಕಡೆಯ ಕೈಕಾಲು ಸೋಲುತ್ತಿತ್ತು. ಅದು ವೆಬರ್ ಸಿಂಡ್ರೋಮ್.

ಹಣೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. "ಹಣೆ ಉಳಿದರೆ ಸ್ಟ್ರೋಕ್, ಹಣೆಯೂ ಹೋದರೆ ಬೆಲ್ಸ್" ಅನ್ನೋದು ನಮಗೆ ಎಂಬಿಬಿಎಸ್‌ನಲ್ಲೇ ಬಾಯಿಪಾಠ. ಮಿದುಳಿನ ಮೇಲ್ಭಾಗದ ಸ್ಟ್ರೋಕಿಗೆ ಅದು ಸರಿ, ಯಾಕಂದ್ರೆ ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರತ್ತೆ, ಒಂದು ಹೋದರೆ ಇನ್ನೊಂದು ಕಾಯತ್ತೆ. ಪಾನ್ಸಿನಲ್ಲಿ ಏಳನೇ ನರದ ಬೇರಿಗೇ ಪೆಟ್ಟು ಬಿದ್ದರೆ ಹಣೆಗೆ ಎಲ್ಲಿಂದ ಅಪ್ಪಣೆ ಬಂದರೂ ತಲುಪಿಸುವವರಿಲ್ಲ. ನೋಡೋಕೆ ಥೇಟ್ ಬೆಲ್ಸ್ ಪಾಲ್ಸಿ. ಬಾಯಿಪಾಠ ಕೈಕೊಡೋದು ಇಲ್ಲೇ. ಬೆಲ್ಸ್ ಪಾಲ್ಸಿಗೆ 72 ಗಂಟೆಯೊಳಗೆ ಸ್ಟಿರಾಯ್ಡ್ ಕೊಡೋದು ಸರಿಯಾದ ಚಿಕಿತ್ಸೆಯೇ, ಆ ಡಾಕ್ಟರ್ ಮನಸ್ಸಿಗೆ ಬಂದದ್ದು ಕೊಟ್ಟವರಲ್ಲ. ಆದರೆ ಬೆಲ್ಸ್ ಪಾಲ್ಸಿಯಲ್ಲಿ ವಸ್ತು ಎರಡೆರಡು ಕಾಣೋದಿಲ್ಲ. ನಿಮ್ಮಮ್ಮ ರಂಗೋಲಿ ಮುಂದೆ ಕೂತು ಸರಿಯಾದ ಸುಳಿವನ್ನೇ ಕೊಟ್ಟಿದ್ರು.

ಕರೆ ಬಂತು, ಓಡ್ತೀನಿ.

ಪೀಣ್ಯ ಲೇತ್ · ಸೋಮವಾರ ಬೆಳಗ್ಗೆ 7:40

ತಂಗಿ, ನೀನು ಆಫೀಸಿಗೆ ಹೋಗಿದ್ದು ನೆನೆಸ್ಕೊಂಡು ಕೊರಗಬೇಡ. ನನ್ನ ಕಥೆ ಕೇಳು.

ನಾನು ಮಂಡ್ಯ ಕಡೆಯವನು, ಲಗ್ಗೆರೇಲಿ ವಾಸ. ಎರಡು ವರ್ಷದ ಹಿಂದೆ ಮಿಷನ್ ಮುಂದೆ ನಿಂತಿದ್ದಾಗ ಇದ್ದಕ್ಕಿದ್ದಂಗೆ ಭೂಮಿ ತಿರುಗ್ದಂಗಾಯ್ತು, ವಾಂತಿ. ನಿಂತ್ರೆ ಬಲಕ್ಕೆ ವಾಲೋನು, ಯಾರೋ ಹಿಡಿದು ಎಳೆದಂಗೆ. ಹುಡುಗರೆಲ್ಲ ಪಿತ್ತ ಅಂದ್ರು. ಕೈಕಾಲು ಗಟ್ಟಿಯಾಗೇ ಇದ್ವು, ಅದಕ್ಕೇ ಯಾರಿಗೂ ಲಕ್ವ ಅನ್ನೋ ಯೋಚನೆ ಬರ್ಲಿಲ್ಲ. ಸಂಜೆಯಿಂದ ಬಿಕ್ಕಳಿಕೆ ಹಿಡೀತು. ನಮ್ಮವ್ವ "ಯಾರೋ ನಿನ್ನ ನೆನೆಸ್ಕೊಂಡವ್ರೆ ಕಣ್ಲಾ" ಅಂತಿದ್ಲು. ಒಂಬತ್ತು ದಿನ ನೆನೆಸ್ಕೊಳೋಕೆ ನಂಗೇನು ಸಾಲಗಾರರು ಅಷ್ಟೊಂದಿದ್ರಾ?

ಮೊದ್ಲು ಹೊಟ್ಟೆ ಡಾಕ್ಟ್ರು. ಎಂಡೋಸ್ಕೋಪಿನೂ ಆಯ್ತು. ಅಲ್ಲಿ ನೀರು ಕೊಟ್ರೆ ಮೂಗಲ್ಲಿ ಬಂತು, ದನಿ ಒಡೆದೋಗಿತ್ತು. ಅಲ್ಲಿದ್ದ ಒಬ್ಬ ಚಿಕ್ಕ ಹುಡುಗ ಡಾಕ್ಟ್ರು ಬಾಯಿ ತೆಗೆಸಿ "ಆ" ಅನ್ನಿಸಿ, ಬೆಳಕು ಬಿಟ್ಟು ನೋಡಿ, ನ್ಯೂರೋಗೆ ಕಳಿಸಿದ್ರು. ಮೆಡುಲ್ಲಾ ಸ್ಟ್ರೋಕು.

ಆಸ್ಪತ್ರೆಯಿಂದ ಬಂದು ಮೊದಲ ಸ್ನಾನದ ದಿನ ಎಡಗಾಲ ಮೇಲೆ ಬಿಸಿನೀರು ಹುಯ್ಕೊಂಡೆ, ತಣ್ಣಗಿದೆ ಅಂತ ಇನ್ನೊಂದು ಚೊಂಬು ಹುಯ್ಕೊಂಡೆ. ಹೆಂಡ್ತಿ ಕಿರುಚಿದ ಮೇಲೆ ನೋಡಿದ್ರೆ ಚರ್ಮ ಕೆಂಪಗೆ ಬೊಬ್ಬೆ. ಮುಖದಲ್ಲಿ ಬಲಗಡೆ ಬಿಸಿ ಗೊತ್ತಾಗಲ್ಲ, ಮೈಯಲ್ಲಿ ಎಡಗಡೆ ಗೊತ್ತಾಗಲ್ಲ. ಇವತ್ತಿಗೂ ಬಲಗೈ ಅದ್ದಿ ನೋಡದೆ ನೀರು ಹುಯ್ಕೊಳಲ್ಲ.

ಕೈರುಚಿ ಸಾವಿತ್ರಿ · ಸೋಮವಾರ ಬೆಳಗ್ಗೆ 8:15

ಅಯ್ಯೋ ಅಣ್ಣಾ, ಓದಿ ಎದೆ ಧಸಕ್ ಅಂತು. ಈಗ ಊಟ ಮಾಡ್ತೀರಾ?

ಪೀಣ್ಯ ಲೇತ್ · ಸೋಮವಾರ ಬೆಳಗ್ಗೆ 8:32

ಮಾಡ್ತೀನಿ ಅಕ್ಕ. ಏಳು ವಾರ ಮೂಗಲ್ಲಿ ರೈಲ್ಸ್ ಟ್ಯೂಬು, ಅದ್ರಲ್ಲೇ ಹೊಟ್ಟೆಗೆ ಊಟ. ಎಲ್ಲಕ್ಕಿಂತ ಸಂಕಟ ಆಗಿದ್ದು ಮುದ್ದೆ ವಿಷಯಕ್ಕೆ. ಹುಟ್ಟಿದಾಗಿಂದ ಅಗೀದೆ ನುಂಗಿದವನು ನಾನು. ನುಂಗೋದನ್ನ ಯಾರಾದ್ರೂ ಮರೀತಾರಾ? ಗಂಟಲಿನ ಬಲಭಾಗ ಕೆಲಸ ಬಿಟ್ಟಿತ್ತು. ಥೆರಪಿ ಮೇಡಂ ಒಂದು ಉಪಾಯ ಹೇಳಿಕೊಟ್ರು, ಕತ್ತು ಸೋತಿರೋ ಕಡೆಗೇ ತಿರುಗಿಸಿ ನುಂಗು ಅಂತ. ನಂಗೆ ಉಲ್ಟಾ ಅನ್ನಿಸ್ತು. ಆದ್ರೆ ಇಳೀತು.

ನುಂಗೋ ಪಾಠದ ಟೀಚರ್ · ಸೋಮವಾರ ಬೆಳಗ್ಗೆ 10:10

ಲೇತ್ ಅಣ್ಣ ಹೇಳಿದ್ದಕ್ಕೆ ಕಾರಣ ಹೇಳ್ತೀನಿ, ನಾನು ಅದೇ ಕೆಲಸದವಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಬೆಂಗಳೂರಲ್ಲಿದ್ದೀನಿ. ಸೋತ ಕಡೆಗೆ ಕತ್ತು ತಿರುಗಿಸಿದಾಗ ಗಂಟಲಿನ ಆ ಭಾಗ ಒತ್ತಿ ಮುಚ್ಚಿಕೊಳ್ಳತ್ತೆ, ತುತ್ತು ಗಟ್ಟಿ ಇರೋ ಕಡೆಯಿಂದ ಜಾರತ್ತೆ. ಎಲ್ಲರಿಗೂ ಇದು ಒಗ್ಗಲ್ಲ, ಪರೀಕ್ಷೆ ಮಾಡಿಸದೆ ಮನೆಯಲ್ಲಿ ಪ್ರಯೋಗ ಬೇಡ.

ಒಂಬತ್ತು, ಹತ್ತು, ಹನ್ನೆರಡನೇ ನರಗಳು ಗಂಟಲು, ಧ್ವನಿಪೆಟ್ಟಿಗೆ, ನಾಲಿಗೆ ನೋಡಿಕೊಳ್ಳುವವು. ಇವು ಸೋತ ಮನೆಗಳಲ್ಲಿ ನಾನು ಪದೇಪದೇ ಕಾಣೋ ತಪ್ಪು ಒಂದೇ, "ನೀರಾದ್ರೂ ಒಂದು ಗುಟುಕು ಕೊಡೋಣ, ಪಾಪ". ನೀರೇ ಎಲ್ಲಕ್ಕಿಂತ ಕಷ್ಟ. ಗಂಟಲು ಸಿದ್ಧವಾಗೋ ಮೊದಲೇ ಓಡಿಹೋಗತ್ತೆ, ಶ್ವಾಸನಾಳಕ್ಕೆ ಇಳೀತದೆ. ಎಷ್ಟೋ ಜನರಿಗೆ ಕೆಮ್ಮೇ ಬರಲ್ಲ, ಯಾಕಂದ್ರೆ ಕೆಮ್ಮು ಎಬ್ಬಿಸೋ ಸ್ಪರ್ಶವೂ ಸತ್ತಿರತ್ತೆ. ಕೆಮ್ಮಲಿಲ್ಲ ಅಂದ್ರೆ ಸರಿಯಾಗಿ ಇಳೀತು ಅಂತ ಮನೆಯವರು ಖುಷಿ ಪಡ್ತಾರೆ, ನಾಲ್ಕು ದಿನಕ್ಕೆ ನ್ಯುಮೋನಿಯಾ. ಊಟ ಆದಮೇಲೆ ದನಿ ನೀರು ತುಂಬಿದಂತೆ ಗೊರಗೊರ ಅಂದ್ರೆ, ಸಂಜೆ ಸಂಜೆ ಸಣ್ಣ ಜ್ವರ ಬಂದ್ರೆ, ಕಾಯಬೇಡಿ. ರಾಗಿ ಗಂಜಿಯನ್ನ ಎಷ್ಟು ಗಟ್ಟಿ ಮಾಡಬೇಕು ಅನ್ನೋದೂ ಅಳತೆ ನೋಡಿ ಹೇಳೋ ವಿಷಯವೇ.

ಗಿರಿನಗರದವರೇ, ಅಮ್ಮನಿಗೆ ಕೆನ್ನೆ ಮಾತ್ರ ಸೋತಿದ್ರೂ ಅನ್ನ ಬಲಗೆನ್ನೆ ಸಂದಿಯಲ್ಲಿ ಉಳಿದುಕೊಂಡಿರತ್ತೆ. ಊಟ ಆದಮೇಲೆ ಬೆರಳು ಹಾಕಿ ತೆಗೀರಿ. ಮಲಗಿದ ಮೇಲೆ ಅದು ಜಾರಿದ್ರೆ ಕಷ್ಟ.

ಹುಬ್ಬಳ್ಳಿ ಮಂದಿ · ಸೋಮವಾರ ಮಧ್ಯಾಹ್ನ 1:00

ನಮ್ಮ ಕಡೆ ಲಕ್ವಾ ಹೊಡದ್ರ ಪಾರಿವಾಳದ ರಕ್ತ ಹಚ್ಚತಾರ್ರೀ. ನಮ್ಮ ಕಾಕಾಗ ಮುಖ ಸೊಟ್ಟ ಆಗಿತ್ತು, ಎರಡು ತಿಂಗಳದಾಗ ನೆಟ್ಟಗಾತು. ಇಂಗ್ಲಿಷ್ ಔಷಧ ಒಂದೂ ತಗೊಂಡಿಲ್ಲ. ಹೇಳೂದು ನನ್ನ ಕರ್ತವ್ಯ.

ನಿದ್ದೆಗೆಟ್ಟ ರೆಸಿಡೆಂಟ್ · ಸೋಮವಾರ ಮಧ್ಯಾಹ್ನ 2:30

ನಿಮ್ಮ ಕಾಕಾಗ ಆಗಿದ್ದು ಬೆಲ್ಸ್ ಪಾಲ್ಸಿ ಇರಬಹುದು ಸರ್. ಅದು ಬಹಳ ಜನರಲ್ಲಿ ತಾನಾಗೇ ಗುಣ ಆಗತ್ತೆ, ಹೆಸರು ಪಾರಿವಾಳಕ್ಕೆ ಬರತ್ತೆ. ಕಾಕಾ ಆರಾಮಿದ್ದಾರಲ್ಲ, ಸಂತೋಷ. ಆದರೆ ಇದೇ ಮಾತು ನಂಬಿ ಸ್ಟ್ರೋಕ್ ಆದವರನ್ನ ಮೂರು ದಿನ ಊರಲ್ಲಿಟ್ಟುಕೊಂಡು ಬಂದವರನ್ನ ನಾನು ವಾರಕ್ಕೊಬ್ಬರನ್ನಾದ್ರೂ ನೋಡ್ತೀನಿ. ಸಿಟ್ಟು ಬರತ್ತೆ, ನಿಮ್ಮ ಮೇಲಲ್ಲ.

ಲೇತ್ ಅಣ್ಣ, ನಿಮ್ಮದಕ್ಕೆ ವಾಲೆನ್‌ಬರ್ಗ್ ಸಿಂಡ್ರೋಮ್ ಅಂತ ಹೆಸರು. ಮುಖದ ನೋವು, ಬಿಸಿ ಹೊರುವ ತಂತಿ ಅದೇ ಪಕ್ಕದಲ್ಲಿ ಇಳಿಯತ್ತೆ. ಮೈಯದ್ದು ಬೆನ್ನುಹುರಿಯಲ್ಲೇ ಪಕ್ಕ ದಾಟಿ ಹತ್ತಿ ಬಂದಿರತ್ತೆ. ಎರಡೂ ಮೆಡುಲ್ಲಾದ ಒಂದೇ ಮೂಲೆಯಲ್ಲಿ ಭೇಟಿ ಆಗ್ತವೆ, ಅಲ್ಲೇ ನಿಮಗೆ ಪೆಟ್ಟು. ಕೈಕಾಲಿನ ಬಲದ ತಂತಿ ಆ ಮೂಲೆಯಲ್ಲಿಲ್ಲ, ಅದಕ್ಕೆ ಅವು ಗಟ್ಟಿ ಇದ್ವು. ಆಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ಇಂಥ ಒಬ್ಬ ರೋಗಿಯನ್ನ ಬರೀ ಪರೀಕ್ಷೆ ಮಾಡಿ ಪೆಟ್ಟು ಎಲ್ಲಿದೆ ಅಂತ ಬರೆದ. ರೋಗಿ ತೀರಿಕೊಂಡ ಮೇಲೆ 1901ರಲ್ಲಿ ಶವಪರೀಕ್ಷೆಯ ವಿವರ ಪ್ರಕಟಿಸಿದ. ಅವನು ಹೇಳಿದ ಜಾಗದಲ್ಲೇ ಇತ್ತು.

ಜಯನಗರ 4ನೇ ಬ್ಲಾಕ್ · ಸೋಮವಾರ ಸಂಜೆ 6:20

ಒಂದು ತಕರಾರು. ಇದನ್ನೆಲ್ಲ ಓದಿದ ಮೇಲೆ ನಾಳೆಯಿಂದ ತಲೆ ಸುತ್ತು ಬಂದವರೆಲ್ಲ ನಿಮ್ಹಾನ್ಸ್ ಗೇಟಿನ ಮುಂದೆ ನಿಲ್ಲಬೇಕಾ? ನನ್ನ ಹೆಂಡತಿಗೆ ವರ್ಷಕ್ಕೆರಡು ಸಲ ತಲೆ ಸುತ್ತತ್ತೆ, ಇಎನ್‌ಟಿಯವರು ಕಿವಿಯ ಕಲ್ಲು ಜಾರಿದೆ ಅಂತ ತಲೆ ಹೊರಳಿಸಿ ಸರಿ ಮಾಡಿ ಕಳಿಸ್ತಾರೆ. ಸುಮ್ಮನೆ ಭಯ ಹುಟ್ಟಿಸೋದೂ ಒಂದು ಕಾಯಿಲೆ ಡಾಕ್ಟ್ರೇ.

ನಿದ್ದೆಗೆಟ್ಟ ರೆಸಿಡೆಂಟ್ · ಸೋಮವಾರ ರಾತ್ರಿ 9:45

ಒಪ್ಪಿದೆ ಸರ್, ತಲೆ ಸುತ್ತಿಗೆ ಕಿವಿಯೇ ಹೆಚ್ಚು ಸಲ ಕಾರಣ. ಮಗ್ಗುಲು ಬದಲಿಸಿದಾಗ ಒಂದು ನಿಮಿಷಕ್ಕಿಂತ ಕಡಿಮೆ ಸುತ್ತಿ ನಿಲ್ಲೋದು ನಿಮ್ಮ ಮನೆಯವರದು. ನಾನು ಹೇಳ್ತಿರೋದು ಗಂಟೆಗಟ್ಟಲೆ ಬಿಡದೆ ಸುತ್ತೋದು, ಅದರ ಜೊತೆಗೆ ಇನ್ನೊಂದು ಏನಾದ್ರೂ ಸೇರೋದು. ಎರಡೆರಡು ಕಾಣೋದು, ಮಾತು ತೊದಲೋದು, ನುಂಗೋಕೆ ಆಗದೆ ಇರೋದು, ಮುಖ ಜೋಮು ಹಿಡಿಯೋದು, ಹಿಡಿದುಕೊಳ್ಳದೆ ನಿಲ್ಲೋಕೇ ಆಗದೆ ಇರೋದು. ಸಾಮಾನ್ಯವಾಗಿ ಸ್ಟ್ರೋಕ್ ಲಕ್ಷಣದ ಬೋರ್ಡುಗಳಲ್ಲಿ ಮುಖ, ತೋಳು, ಮಾತು ಅಂತ ಮೂರೇ ಇರ್ತವೆ. ಸಮತೋಲ ಮತ್ತು ಕಣ್ಣು ಅಂತ ಇನ್ನೆರಡು ಸೇರಿಸಿ ನೆನಪಿಟ್ಟುಕೊಳ್ಳಿ, ಮಿದುಳಿನ ಹಿಂಭಾಗದ ರಕ್ತನಾಳದ ಸ್ಟ್ರೋಕುಗಳು ತಪ್ಪಿಸಿಕೊಳ್ಳೋದು ಆ ಎರಡರಲ್ಲೇ.

ಸ್ಕ್ಯಾನ್ ವಿಷಯವೂ ಇದೆ. ಸಿಟಿಯಲ್ಲಿ ಆ ಜಾಗದ ಸುತ್ತ ದಪ್ಪ ಮೂಳೆ, ಚಿತ್ರ ಮಸುಕು. ರಕ್ತಸ್ರಾವ ಇಲ್ಲ ಅಂತ ಹೇಳೋಕೆ ಸಿಟಿ ಬೇಕು, ಆದರೆ ಅದು ನಾರ್ಮಲ್ ಬಂತು ಅಂತ ಬ್ರೈನ್‌ಸ್ಟೆಮ್ ಸ್ಟ್ರೋಕ್ ಇಲ್ಲ ಅನ್ನೋ ಹಾಗಿಲ್ಲ. ಮೊದಲ ಒಂದೆರಡು ದಿನ ಎಂಆರ್‌ಐ ಕೂಡ ಕೆಲವೊಮ್ಮೆ ತಪ್ಪಿಸತ್ತೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಡದ ತಲೆಸುತ್ತಿನ ರೋಗಿಗಳಲ್ಲಿ ಕಣ್ಣಿನ ಚಲನೆಯ ಮೂರು ಪರೀಕ್ಷೆಗಳು ಆರಂಭದ ಎಂಆರ್‌ಐಗಿಂತ ಚೆನ್ನಾಗಿ ಸ್ಟ್ರೋಕ್ ಹಿಡಿದವು. ಪಳಗಿದ ಕೈ ಬೇಕು ಅದಕ್ಕೆ, ಯೂಟ್ಯೂಬ್ ನೋಡಿ ಅತ್ತೆಯ ಕತ್ತು ತಿರುಗಿಸಬೇಡಿ ದಯವಿಟ್ಟು.

ಸಮಯ: ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಅದೂ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ, ನೀವು ನೋಡಿದ ಹೊತ್ತಿನಿಂದಲ್ಲ. ಕಾಂಡಕ್ಕೆ ರಕ್ತ ಕೊಡೋ ದೊಡ್ಡ ಕೊಳವೆ ಬೇಸಿಲಾರ್, ಅದೇ ಕಟ್ಟಿದ್ದರೆ ತೊಡೆಯಿಂದಲೋ ಮುಂಗೈಯಿಂದಲೋ ತಂತಿ ತೂರಿಸಿ ಹೆಪ್ಪನ್ನ ಎಳೆದು ತೆಗೀತಾರೆ. 2022ರಲ್ಲಿ ಚೀನಾದ ಎರಡು ದೊಡ್ಡ ಪ್ರಯೋಗಗಳು ಬಂದಮೇಲೆ ಆಯ್ದ ರೋಗಿಗಳಲ್ಲಿ 24 ಗಂಟೆವರೆಗೂ ಇದಕ್ಕೆ ಬೆಲೆ ಇದೆ ಅಂತ ಗೊತ್ತಾಯ್ತು. ಆದ್ದರಿಂದ ಸಂಜೆ ಟ್ರಾಫಿಕ್ ಇಳಿದ ಮೇಲೆ ಹೋಗೋಣ ಅಂತ ಯಲಹಂಕದಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹೊರಡುವಾಗಲೇ ಆಸ್ಪತ್ರೆಯಲ್ಲಿ ಸ್ಕ್ಯಾನ್, ನ್ಯೂರಾಲಜಿಸ್ಟ್ ಎರಡೂ ಇದೆಯಾ ಕೇಳಿ. ಸ್ಕ್ಯಾನಿಗೆ ಮೊದಲು ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ರಕ್ತಸ್ರಾವ ಆಗಿರಬಹುದು, ನುಂಗೋಕೇ ಆಗದೆ ಇರಬಹುದು.

ಜಯನಗರ 4ನೇ ಬ್ಲಾಕ್ · ಸೋಮವಾರ ರಾತ್ರಿ 10:02

ಸರಿ ಡಾಕ್ಟ್ರೇ, ತಕರಾರು ವಾಪಸ್. ಅತ್ತೆ ಕತ್ತಿನ ಆಸೆ ಮಾತ್ರ ಉಳಿದಿದೆ.

ಕಣ್ಣಳತೆ · ಮಂಗಳವಾರ ಬೆಳಗ್ಗೆ 9:30

ಆಪ್ಟೋಮೆಟ್ರಿಸ್ಟ್ ನಾನು. ಕಣ್ಣಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ. ಮೇಡಂ, ಅಮ್ಮ ಒಂದು ಕಣ್ಣು ಮುಚ್ಚಿದಾಗ ಒಂದೇ ಕಾಣತ್ತಾ? ಟಿವಿ ನೋಡುವಾಗ ಮುಖ ಯಾವ ಕಡೆ ತಿರುಗಿಸಿ ಕೂರ್ತಾರೆ?

ಗಿರಿನಗರದ ಮಗಳು · ಮಂಗಳವಾರ ಬೆಳಗ್ಗೆ 9:52

ಹೌದು, ಯಾವ ಕಣ್ಣು ಮುಚ್ಚಿದ್ರೂ ಒಂದೇ. ಮುಖ ಬಲಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡ್ತಾರೆ! ಕತ್ತು ಹಿಡ್ಕೊಂಡಿದೆ ಅಂತ ನಾವು ಎಣ್ಣೆ ಹಚ್ಚಿ ತಿಕ್ತಾ ಇದ್ವಿ. ನಿಮಗೆ ಹೇಗೆ ಗೊತ್ತಾಯ್ತು?

ಕಣ್ಣಳತೆ · ಮಂಗಳವಾರ ಬೆಳಗ್ಗೆ 10:40

ಆರನೇ ನರ ಕಣ್ಣನ್ನ ಹೊರಗಡೆ ಎಳೆಯೋದು. ಬಲಗಣ್ಣು ಬಲಕ್ಕೆ ಹೋಗಲ್ಲ, ಒಳಗೆ ಮೂಗಿನ ಕಡೆ ನಿಂತಿರತ್ತೆ. ಮುಖ ಬಲಕ್ಕೆ ತಿರುಗಿಸಿದರೆ ಎರಡೂ ಕಣ್ಣು ಎಡಕ್ಕೆ ನೋಡಿದರೆ ಸಾಕು, ಆಗ ಎರಡು ಚಿತ್ರ ಒಂದಾಗತ್ತೆ. ಯಾರೂ ಹೇಳಿಕೊಡದೆ ಕಂಡುಕೊಂಡಿದಾರೆ. ಕತ್ತನ್ನ ಬಿಟ್ಟುಬಿಡಿ.

ಸದ್ಯಕ್ಕೆ ಒಂದು ಕಣ್ಣಿಗೆ ಪಟ್ಟಿ, ಅಥವಾ ಕನ್ನಡಕದ ಒಂದು ಗಾಜಿಗೆ ಮಸುಕು ಟೇಪ್. ಇವತ್ತು ಒಂದು, ನಾಳೆ ಇನ್ನೊಂದು. ಪಟ್ಟಿ ಕಟ್ಟಿದಾಗ ಆಳದ ಅಂದಾಜು ತಪ್ಪತ್ತೆ, ಮೆಟ್ಟಿಲಲ್ಲಿ, ಸ್ಟವ್ ಹತ್ತಿರ ಒಬ್ಬರು ಜೊತೆಗಿರಿ. ಗಾಜಿಗೆ ಅಂಟಿಸೋ ಪ್ಲಾಸ್ಟಿಕ್ ಪ್ರಿಸಮ್ ಅಂತ ಸಿಗತ್ತೆ, ನೇರ ನೋಡುವಾಗ ಚಿತ್ರ ಕೂಡಿಸೋಕೆ ಒಳ್ಳೇದು. ಅಳತೆ ತಿಂಗಳಿಂದ ತಿಂಗಳಿಗೆ ಬದಲಾಗೋದ್ರಿಂದ ದುಬಾರಿ ಕನ್ನಡಕ ಈಗಲೇ ಮಾಡಿಸಬೇಡಿ. ಆಪರೇಷನ್ ಮಾತೂ ಈಗ ಬೇಡ, ಕನಿಷ್ಠ ಆರು ತಿಂಗಳು ಕಾದು ಅಳತೆ ಒಂದೇ ಕಡೆ ನಿಂತ ಮೇಲೆ ಅದರ ಯೋಚನೆ.

ನನಗೆ ಎರಡೆರಡು ಕಾಣೋದಕ್ಕಿಂತ ಹೆಚ್ಚು ಚಿಂತೆ ಮುಚ್ಚದ ರೆಪ್ಪೆಯದು. ಹಗಲು ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಕೃತಕ ಕಣ್ಣೀರಿನ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್. ಫ್ಯಾನ್ ಗಾಳಿ ನೇರ ಬೀಳಬಾರದು. ಒಂದು ವೇಳೆ ಐದನೇ ನರವೂ ಸೋತು ಕಣ್ಣಿಗೆ ಸ್ಪರ್ಶವೇ ಇಲ್ಲದಿದ್ದರೆ ಹುಣ್ಣಾದ್ರೂ ನೋವೇ ಆಗಲ್ಲ. ಕೆಂಪಾದ್ರೆ ಅವತ್ತೇ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ, ಇಲ್ಲ ನಿಮ್ಮ ಕಣ್ಣಿನ ಡಾಕ್ಟರಿಗೆ ತೋರಿಸಿ.

ಕೈರುಚಿ ಸಾವಿತ್ರಿ · ಮಂಗಳವಾರ ಮಧ್ಯಾಹ್ನ 12:15

ನಮ್ಮ ಭಾವನಿಗೂ ಶುಗರ್ರು. ನಿನ್ನೆಯಿಂದ ಒಂದು ರೆಪ್ಪೆ ಇಳಿದಿದೆ, ಹುಬ್ಬಿನ ಹತ್ರ ನೋವು ಅಂತಾರೆ. ಇದೂ ಇದೇನಾ?

ನಿದ್ದೆಗೆಟ್ಟ ರೆಸಿಡೆಂಟ್ · ಮಂಗಳವಾರ ಮಧ್ಯಾಹ್ನ 12:21

ಅಕ್ಕ, ಟೈಪ್ ಮಾಡೋದು ನಿಲ್ಲಿಸಿ ಕರ್ಕೊಂಡು ಹೊರಡಿ. ಶುಗರಿನಿಂದ ಮೂರನೇ ನರ ಸೋಲೋದು ಸಾಮಾನ್ಯ, ಅದು ಮೂರು ತಿಂಗಳಲ್ಲಿ ಬಹುಪಾಲು ವಾಸಿಯೂ ಆಗತ್ತೆ. ಆದರೆ ರಕ್ತನಾಳ ಉಬ್ಬಿ ಒತ್ತಿದರೂ ಹೀಗೇ ಇರತ್ತೆ, ಅದು ಒಡೆದರೆ ಜೀವಕ್ಕೆ ಅಪಾಯ. ಆ ಕಣ್ಣಿನ ಪಾಪೆ ದೊಡ್ಡದಾಗಿದ್ರೆ ಇನ್ನೂ ಅವಸರ. ಇವತ್ತೇ, ಈಗಲೇ.

ಕೈರುಚಿ ಸಾವಿತ್ರಿ · ಬುಧವಾರ ಬೆಳಗ್ಗೆ 6:50

ಹೋಗಿ ಬಂದ್ವಿ. ರಕ್ತನಾಳದ ಸ್ಕ್ಯಾನ್ ಆಯ್ತು, ಉಬ್ಬು ಇಲ್ಲವಂತೆ, ಶುಗರಿಂದ್ದೇ ಅಂದ್ರು. ಭಾವ ಈಗ ಉಪ್ಪಿಟ್ಟು ಬೇಡ ಅಂತ ಜಗಳ ಆಡ್ತಿದಾರೆ. ಡಾಕ್ಟ್ರೇ, ನಿಮಗೊಂದು ದಿನ ಒಬ್ಬಟ್ಟು ಕಳಿಸ್ತೀನಿ.

ಗಿರಿನಗರದ ಮಗಳು · ಐದು ವಾರದ ನಂತರ, ಶನಿವಾರ ಬೆಳಗ್ಗೆ 8:05

ಕೇಳಿದವರಿಗೆಲ್ಲ ಒಂದು ಸುದ್ದಿ. ಎಡಗೈಲಿ ಲೋಟ ನಿಲ್ಲತ್ತೆ, ತುಂಬಿದ್ದಲ್ಲ, ಮುಕ್ಕಾಲು. ಬಲಗಣ್ಣು ನಿದ್ದೆಯಲ್ಲಿ ಒಂದು ಗೆರೆಯಷ್ಟು ತೆರೆದಿರತ್ತೆ, ಟೇಪ್ ಇನ್ನೂ ಬಿಟ್ಟಿಲ್ಲ. ಬಿಪಿ ಮಾತ್ರೆಯನ್ನ ನಾನೇ ಎದುರು ನಿಂತು ನುಂಗಿಸ್ತೀನಿ. ದೊಡ್ಡಪ್ಪ ಈಗ ಎರಡು ಸ್ಟ್ರೋಕ್ ಅನ್ನಲ್ಲ, ಬಂದವರಿಗೆಲ್ಲ ಸಿಲ್ಕ್ ಬೋರ್ಡ್ ಕಥೆ ಹೇಳ್ತಾರೆ, ತಾವೇ ಕಂಡುಹಿಡಿದ ಹಾಗೆ.

ಇವತ್ತು ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂತಿದ್ರು, ನಾನು ಚುಕ್ಕಿ ಇಟ್ಟೆ. "ನೇರ ನೋಡಿದ್ರೆ ಏಳೇ ಕಣೇ. ಬಲಕ್ಕೆ ನೋಡಿದ್ರೆ ಇನ್ನೂ ಹದಿನಾಲ್ಕು" ಅಂದ್ರು. ಆಮೇಲೆ ನನ್ನ ಸಾಲು ಸೊಟ್ಟಗಿದೆ ಅಂತ ಬೈದ್ರು. ಅದು ಎರಡೂ ಕಣ್ಣಿಗೂ ಸೊಟ್ಟಗೇ ಕಂಡಿತಂತೆ.

ಪೀಣ್ಯ ಲೇತ್ · ಶನಿವಾರ ಬೆಳಗ್ಗೆ 8:30

ಬೈದ್ರಾ, ಹಂಗಾದ್ರೆ ಸರಿ ಹೋಗ್ತಾವ್ರೆ ಬುಡು. ರಾತ್ರಿ ಮಲಗುವಾಗ ರೆಪ್ಪೆಗೆ ಹಾಕೋ ಟೇಪು ಯಾವ್ದು ತಂಗಿ? ನಮ್ಮ ವಾರ್ಡಲ್ಲಿ ಇದ್ದ ಒಬ್ರು ಕೇಳ್ತಾವ್ರೆ, ಅವರಿಗೆ ಅಂಟಿಸಿದ್ದು ಚರ್ಮ ಕಿತ್ಕೊಂಡು ಬತ್ತದಂತೆ.

ಗಿರಿನಗರದ ಮಗಳು · ಶನಿವಾರ ಬೆಳಗ್ಗೆ 8:41

ಮೆಡಿಕಲ್ ಶಾಪಲ್ಲಿ ಮೈಕ್ರೋಪೋರ್ ಅಂತ ಕೇಳಿ ಅಣ್ಣ, ಪೇಪರ್ ಥರ ಇರತ್ತೆ. ಚರ್ಮಕ್ಕೆ ತಾಗಿರೋ ಮುಲಾಮು ಒರೆಸಿ ಅಂಟಿಸಬೇಕು, ಬೆಳಗ್ಗೆ ಒದ್ದೆ ಹತ್ತಿ ಇಟ್ಟು ಮೆತ್ತಗೆ ತೆಗೀಬೇಕು.